ಹದ ಬಲ್ಲ ಸೊಸೆ

"ಈ ಎರಡು ಕಾಮಾ ಇಲ್ಲದಿದ್ದರೆ ಏನು ಮುಳುಗಿಹೋಗುತ್ತೆ ಸಾರ್?" ಎಂದು ಪರಿಮಳಾ ಕೇಳಿದಳು.

ಮರುದಿನ ಶಾಲೆಯಲ್ಲಿ ಹತ್ತನೆಯ ತರಗತಿಯವರ ಬೀಳ್ಕೊಡುಗೆ. ಮಕ್ಕಳ ಪರವಾಗಿ ಇಂಗ್ಲಿಷಿನಲ್ಲಿ ಮಾತಾಡುವವಳು ಅವಳು. 'ನಮ್ಮನ್ನು ಪ್ರೀತಿಯಿಂದ ಕಂಡ ಮೇಷ್ಟ್ರುಗಳಿಗೆ ನಾವು ಋಣಿಗಳು' ಎಂಬ ಅರ್ಥ ಬರುವ ಹಾಗೆ ಒಂದು ವಾಕ್ಯ ಬರೆದಿದ್ದಳು. ಇಂಗ್ಲಿಷ್ ಮೇಷ್ಟ್ರು ವೃಷಭೇಂದ್ರಯ್ಯನವರು ಅದರಲ್ಲಿ 'ಪ್ರೀತಿಯಿಂದ ಕಂಡ' ಎಂಬ ಭಾಗಕ್ಕೆ ಹಿಂದೊಂದು ಮುಂದೊಂದು ಕಾಮಾ ಹಾಕಿಕೊಟ್ಟಿದ್ದರು. ಅದೂ ಪೆನ್ಸಿಲಿನಲ್ಲಿ. ಯಾವಾಗಲೂ ಕೆಂಪು ಶಾಯಿಯಲ್ಲಿ ಗೀಚಿ ಹಾಕುವ ಮನುಷ್ಯ ಈ ಸಲ ಪೆನ್ಸಿಲು ಯಾಕೆ ಹಿಡಿದರೋ ಅವಳಿಗೆ ತಿಳಿಯಲಿಲ್ಲ.

ಅವಳಿಗೆ ಅವರ ಮೇಲೆ ಮುನಿಸಿತ್ತು. ಹಿಂದಿನ ಪರೀಕ್ಷೆಯಲ್ಲಿ ಅವಳು ಬರೆದ ತಪ್ಪು ಉತ್ತರವನ್ನು ಗಟ್ಟಿಯಾಗಿ ಓದಿ ಇಡೀ ತರಗತಿಯನ್ನು ನಗಿಸಿದವರು ಅವರೇ. ಮರೆತೆ ಎಂದುಕೊಂಡಿದ್ದಳು. ಮರೆತಿರಲಿಲ್ಲ.

"ಮಾತೆಲ್ಲ ಅದೇ ತಾನೆ ಸಾರ್? ಕಾಮಾ ಹಾಕಿದರೂ ಅದೇ, ಬಿಟ್ಟರೂ ಅದೇ."

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಂದು ಕತೆ ಹೇಳುತ್ತೇನೆ, ಕೇಳಮ್ಮ" ಎಂದರು.

ಒಬ್ಬ ಕುಂಬಾರನಿದ್ದ. ಅವನಿಗೆ ಇಬ್ಬರು ಗಂಡುಮಕ್ಕಳು. ಹಿರಿಯನಿಗೆ ಮದುವೆಯಾಗಿ ಸೊಸೆ ಬಂದಳು. ಮಣ್ಣು ಮುಟ್ಟಿದರೆ ಸಾಕು, ನೀರು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಹೇಳಿಬಿಡುತ್ತಿದ್ದಳು. ಗಡಿಗೆ ಕೊಳ್ಳಲು ಯಾರೇ ಬರಲಿ, ಕುಂಬಾರ ಅವಳ ಕಡೆ ಕೈ ತೋರಿಸಿ, "ಮಣ್ಣಿನ ಹದ ಬಲ್ಲ ನನ್ನ ಸೊಸೆ ಇವಳು" ಎನ್ನುತ್ತಿದ್ದ. ಮನೆಯಲ್ಲಿದ್ದವಳು ಒಬ್ಬಳೇ ಸೊಸೆ. ಹದ ಬಲ್ಲವಳು ಎಂದದ್ದು ಬರೀ ಮೆಚ್ಚುಗೆ. ಆ ಮಾತು ಬಿಟ್ಟರೂ ಸೊಸೆ ಯಾರೆಂದು ಯಾರಿಗೂ ಅನುಮಾನ ಬರುತ್ತಿರಲಿಲ್ಲ.

ಕಿರಿಯನಿಗೂ ಮದುವೆಯಾಯಿತು. ಕಿರಿಸೊಸೆಯ ತವರಿನವರು ಕುಲಕಸುಬು ಬಿಟ್ಟು ಬೇಸಾಯಕ್ಕೆ ಇಳಿದಿದ್ದವರು. ಅವಳಿಗೆ ಮಣ್ಣಿನ ಗಂಧಗಾಳಿ ಗೊತ್ತಿರಲಿಲ್ಲ. ಕಲಿಯುವ ಆಸೆ ಮಾತ್ರ ಬೇಕಾದಷ್ಟಿತ್ತು. ಬೆಳಗಾಗೆದ್ದು ಅಂಗಳದಲ್ಲಿ ಮಣ್ಣು ತುಳಿಯುತ್ತಿದ್ದಳು.

ಕುಂಬಾರನದು ರೂಢಿಬಿದ್ದ ನಾಲಿಗೆ. ಗಿರಾಕಿ ಬಂದಾಗ ಹಿರಿಯವಳ ಕಡೆ ಕೈ ತೋರಿಸಿ, "ಮಣ್ಣಿನ ಹದ ಬಲ್ಲ ನನ್ನ ಸೊಸೆ ಇವಳು" ಎಂದ. ಒಂದಕ್ಷರವೂ ಬದಲಾಗಿರಲಿಲ್ಲ. ಹಿರಿಯವಳು ಎಂದಿನಂತೆ ನಕ್ಕಳು. ಮಣ್ಣು ತುಳಿಯುತ್ತಿದ್ದ ಕಿರಿಯವಳ ಕಾಲು ನಿಂತುಹೋಯಿತು.

ಬರಬರುತ್ತಾ ಅವಳು ಅಂಗಳಕ್ಕೆ ಬರುವುದನ್ನೇ ಬಿಟ್ಟಳು. ಕೊನೆಗೆ ಕಿರಿಮಗ, ಬೇರೆ ಮನೆ ಮಾಡುತ್ತೇನೆಂದು ಗಾಡಿ ತಂದು ನಿಲ್ಲಿಸಿದ. ಕುಂಬಾರ ಗಾಡಿಯ ಬಳಿಗೆ ಓಡಿಬಂದ.

"ಒಂದು ದಿನವಾದರೂ ನಿನ್ನನ್ನ ಬೈದಿದ್ದೀನಾ ತಾಯಿ?" ಎಂದು ಕಿರಿಸೊಸೆಯನ್ನು ಕೇಳಿದ.

"ಬೈದಿಲ್ಲ ಮಾವ, ಅಕ್ಕನ್ನ ಹೊಗಳಿದ್ರಿ. ಹದ ಬಲ್ಲ ಸೊಸೆ ಇವಳು ಅಂದ್ರೆ, ಹದ ಬಾರದವಳೂ ಒಬ್ಬಳಿದ್ದಾಳೆ ಅಂತ ಬಂದವರಿಗೆಲ್ಲ ಡಂಗುರ ಸಾರಿದ ಹಾಗಲ್ವಾ?"

ಗಾಡಿ ಹೊರಟಿತು.

ಆಮೇಲೆ ಕುಂಬಾರ ಮಾತಿನ ರೀತಿ ತಿದ್ದಿಕೊಂಡ. "ಇವಳು ನನ್ನ ಸೊಸೆ" ಎಂದು ಹೇಳಿ, ಒಂದು ಉಸಿರಿನಷ್ಟು ಹೊತ್ತು ನಿಂತು, "ಮಣ್ಣಿನ ಹದ ಬಲ್ಲವಳು" ಎನ್ನುವುದನ್ನು ಕಲಿತ. ಕಲಿಯುವ ಹೊತ್ತಿಗೆ ಅಂಗಳದಲ್ಲಿ ಉಳಿದಿದ್ದವಳು ಒಬ್ಬಳೇ ಸೊಸೆ.

ಕತೆ ಮುಗಿಸಿ ಮೇಷ್ಟ್ರು ಕನ್ನಡಕ ಹಾಕಿಕೊಂಡರು.

"ಇಂಗ್ಲಿಷಿನಲ್ಲಿ ಆ ಉಸಿರೇ ಕಾಮಾ. ಹಾಕಿದರೆ, ಎಲ್ಲ ಮೇಷ್ಟ್ರುಗಳಿಗೂ ಋಣಿಗಳು, ಅವರೆಲ್ಲ ಪ್ರೀತಿಯಿಂದ ಕಂಡವರೇ ಎಂದಾಗುತ್ತೆ. ತೆಗೆದರೆ, ಪ್ರೀತಿಯಿಂದ ಕಂಡವರಿಗೆ ಮಾತ್ರ ಋಣಿಗಳು, ಕಾಣದವರೂ ಇದ್ದಾರೆ ಎಂದಾಗುತ್ತೆ. ವ್ಯಾಕರಣಕ್ಕೆ ಎರಡೂ ಸರಿ."

"ಹಾಗಾದರೆ ನನ್ನ ವಾಕ್ಯಕ್ಕೆ ಯಾವುದು ಸರಿ ಸಾರ್?" ಎಂದಳು ಪರಿಮಳಾ. ಕಾಮಾ ಅಳಿಸಲೆಂದು ತಂದಿದ್ದ ರಬ್ಬರು ಅವಳ ಕೈಯಲ್ಲೇ ಇತ್ತು.

ಮೇಷ್ಟ್ರು ಆ ಹಾಳೆಯನ್ನು ಅವಳ ಮುಂದಕ್ಕೆ ಸರಿಸಿದರು.

"ಪೆನ್ಸಿಲಿನಲ್ಲಿ ಹಾಕಿದ್ದೇನಮ್ಮ, ನನ್ನನ್ನು ನೆನೆದಾಗ ಆ ಮಾತು ನಿಜವಲ್ಲ ಅನ್ನಿಸಿದರೆ ಅಳಿಸಿಬಿಡು."