ಹನ್ನೆರಡು ಹಣ್ಣು ಬಿಟ್ಟವನು

"ಅಯ್ಯನವರೆ, ನಾಳೆ ಕಾಶಿಗೆ ಹೊರಟಿದ್ದೇನೆ. ಅಲ್ಲಿ ಏನನ್ನು ಬಿಟ್ಟು ಬರಲಿ?"

ಕೇಳಿದವನು ಪಂಪಣ್ಣ. ಬೆಲ್ಲದ ಅಂಗಡಿಯವನು, ದುಂಡಗಿನ ಆಳು, ಹತ್ತು ವರ್ಷದಿಂದ ಅಯ್ಯನವರ ಶಿಷ್ಯ. ಕಾಶಿಗೆ ಹೋದವರು ಗಂಗೆಯಲ್ಲಿ ಮುಳುಗಿ, ತಮಗೆ ಪ್ರಿಯವಾದ ತಿನಿಸೊಂದನ್ನು ಅಲ್ಲೇ ಬಿಟ್ಟು ಬರಬೇಕು; ಮತ್ತೆ ಈ ಜನ್ಮದಲ್ಲಿ ಅದನ್ನು ಮುಟ್ಟಬಾರದು. ಹಿಂದಿನಿಂದ ನಡೆದುಬಂದ ಪದ್ಧತಿ. ಪಂಪಣ್ಣ ಒಂದು ವಾರ ಅದನ್ನೇ ಯೋಚಿಸಿದ್ದ. ಹೆಂಡತಿ "ಬೋಂಡ ಬಿಟ್ಟುಬನ್ನಿ" ಎಂದು ಒಂದು ಮಾತು ಅಂದಿದ್ದಳು. ಅಂದಿನಿಂದ ಅವಳ ಜೊತೆ ಮಾತು ಬಿಟ್ಟಿದ್ದ.

"ಯಾವುದಾದರೊಂದು ಹಣ್ಣು ಬಿಡೋಣ ಎಂದುಕೊಂಡಿದ್ದೇನೆ" ಎಂದ. "ಹಣ್ಣಾದರೆ ಹೊಟ್ಟೆಗೆ ತೊಂದರೆಯಿಲ್ಲ, ಪುಣ್ಯಕ್ಕೂ ಕಡಿಮೆಯಿಲ್ಲ. ಯಾವುದು ಎಂದು ನೀವು ಹೇಳಿಬಿಡಿ."

ಅಯ್ಯನವರು ಸೀಬೆಹಣ್ಣು ತಿನ್ನುತ್ತಿದ್ದರು. ಅವರ ಮಧ್ಯಾಹ್ನದ ಊಟವೇ ಅದು. ಅವರಿದ್ದ ಗುಡಿಸಲಿನಲ್ಲಿ ಒಲೆ ಇರಲಿಲ್ಲ. ಬಾಯಲ್ಲಿದ್ದುದನ್ನು ನಿಧಾನವಾಗಿ ಅಗಿದು ನುಂಗಿದರು.

"ಕಾಶಿಯ ವಿಷಯ ನನ್ನನ್ನು ಕೇಳಿದ್ದು ಒಳ್ಳೆಯದಾಯಿತು. ನಾನು ಹನ್ನೊಂದು ಸಲ ಕಾಲ್ನಡಿಗೆಯಲ್ಲಿ ಹೋಗಿಬಂದವನು. ಹನ್ನೊಂದನೆಯ ಸಲ ಗಂಗಾಮಾಯಿ ತಾನೇ ದಡಕ್ಕೆ ಬಂದು, 'ಯಾಕಪ್ಪ, ಮತ್ತೆ ಬಂದೆಯಾ? ಸುಸ್ತಾಯಿತೇ?' ಎಂದು ಕೇಳಿದಳು."

ಪಂಪಣ್ಣ ಎರಡೂ ಕೈ ಜೋಡಿಸಿದ.

"ಕೈ ಇಳಿಸು. ಸುಳ್ಳು. ನಾನು ತುಂಗಭದ್ರೆಯನ್ನೂ ದಾಟಿದವನಲ್ಲ. ಆದರೆ ಈಗ ಹೇಳುವುದನ್ನು ನಂಬಬಹುದು. ನಂಬಬಾರದ ಕಡೆ ನಾನೇ ಹೇಳುತ್ತೇನೆ."

ಹೀಗೆಂದು ಅಯ್ಯನವರು ಕತೆ ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ವರ್ತಕನಿದ್ದ. ರೇಷ್ಮೆಯ ವ್ಯಾಪಾರ. ಆ ಕೆಲಸಕ್ಕೆ ವರ್ಷಕ್ಕೊಮ್ಮೆ ಕಾಶಿಗೆ ಹೋಗಲೇಬೇಕಿತ್ತು. ಮನೆಯಲ್ಲಿ ಮೂರು ಒಲೆ. ಒಂದರಲ್ಲಿ ಬೇಯಿಸುವುದು, ಒಂದರಲ್ಲಿ ಕರಿಯುವುದು, ಇನ್ನೊಂದರಲ್ಲಿ ಹಾಲು ಕಾಯಿಸುವುದು. ಮೂರೂ ಆರಿದ್ದನ್ನು ಕಂಡವರಿರಲಿಲ್ಲ.

ಮೊದಲ ವರ್ಷ ಅವನು ಗಂಗೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತ. ಘಾಟಿನಲ್ಲಿ ಕನ್ನಡ ಬಲ್ಲ ಪುರೋಹಿತನೊಬ್ಬನಿದ್ದ. "ಪ್ರಿಯವಾದದ್ದು ಯಾವುದನ್ನು ಬಿಡುತ್ತೀ?" ಎಂದು ಕೇಳಿದ. ವರ್ತಕನ ಮನಸ್ಸಿಗೆ ಹೋಳಿಗೆ ಬಂತು. ಅದನ್ನು ಆಚೆ ತಳ್ಳಿದ. ತುಪ್ಪದಲ್ಲಿ ಕರಿದ ಚಿರೋಟಿ ಬಂತು. ಅದನ್ನೂ ತಳ್ಳಿದ. ಆಮೇಲೆ ಕಣ್ಣು ಮುಚ್ಚಿ, "ಮಾವಿನ ಹಣ್ಣು" ಎಂದ. ಪುರೋಹಿತನ ಕಣ್ಣಲ್ಲಿ ನೀರು ಬಂತು.

ಊರಿಗೆ ಬಂದಾಗ ಜನ ಕಾಲಿಗೆ ಬಿದ್ದರು. ಮಾವು ಬಿಟ್ಟನಂತೆ! ಎಂಥ ಮನಸ್ಸು! ವರ್ತಕ ಊರಿಗೆಲ್ಲ ಚಿರೋಟಿ ಹಾಕಿಸಿದ. ಹಿತ್ತಿಲಿನ ಮಾವಿನ ಮರವನ್ನು ಕಡಿಸಿದ. ಕಣ್ಣೆದುರು ಇದ್ದರೆ ಆಸೆಯಾದೀತು ಎಂಬುದು ನೆಪ. ಆ ಮರ ಮೂರೂ ಒಲೆಗೆ ಒಂದು ವರ್ಷ ಸೌದೆಯಾಯಿತು.

ಎರಡನೆಯ ವರ್ಷ ಬಾಳೆಹಣ್ಣು ಬಿಟ್ಟ. ಮೂರನೆಯ ವರ್ಷ ಹಲಸು. ಹೀಗೇ ದಾಳಿಂಬೆ, ದ್ರಾಕ್ಷಿ, ಸೀಬೆ, ಕಿತ್ತಳೆ, ಪರಂಗಿ, ಸೀತಾಫಲ, ಅನಾನಸು, ನೇರಳೆ. ಹನ್ನೆರಡನೆಯ ವರ್ಷ ಬಿಡಲು ಏನೂ ತೋಚದೆ ಕಲ್ಲಂಗಡಿ ಬಿಟ್ಟ. ಊರಿನವರು ಅವನನ್ನು ಹೆಸರು ಹಿಡಿದು ಕರೆಯುವುದನ್ನೇ ನಿಲ್ಲಿಸಿದರು. ಹನ್ನೆರಡು ಹಣ್ಣಿನ ಶೆಟ್ಟರು ಎಂದೇ ಕರೆದರು. ಅವನಿಗೆ ಅದು ಕೇಳಲು ಹಿತವಾಗಿತ್ತು.

ಹದಿಮೂರನೆಯ ವರ್ಷ ಅವನ ಕಾಲು ಊದಿತು. ಹೊಟ್ಟೆ ಉಬ್ಬಿತು. ತಿಂದದ್ದು ನಿಲ್ಲಲಿಲ್ಲ. ನಾಲ್ಕು ಹೆಜ್ಜೆ ನಡೆದರೆ ಉಸಿರು ಸಿಗಲಿಲ್ಲ. ಹೆಂಡತಿ ವೈದ್ಯನನ್ನು ಕರೆಸಿದಳು. ವೈದ್ಯ ಮುದುಕ, ಬಾಯಿ ಜೋರು. ನಾಡಿ ಹಿಡಿದ, ನಾಲಗೆ ನೋಡಿದ.

"ಇಂದಿನಿಂದ ಒಲೆ ಕಂಡದ್ದು ಯಾವುದೂ ಬೇಡ. ಹಾಲು ಬೇಡ, ತುಪ್ಪ ಬೇಡ. ಕಾಳೂ ಬೇಡ. ಗಿಡದ ಮೇಲೆ ಮಾಗಿದ ಹಣ್ಣು ಮಾತ್ರ, ಅದೂ ಬೇಯಿಸದ್ದು. ನಲವತ್ತೆಂಟು ದಿನ. ಇದು ಬಿಟ್ಟು ಬೇರೆ ತುತ್ತು ಬಾಯಿಗೆ ಹೋದರೆ ನನ್ನನ್ನು ಕರೆಸಬೇಡ, ಹೊರುವ ನಾಲ್ಕು ಜನರನ್ನು ಕರೆಸು."

ವರ್ತಕ ಅಳುತ್ತ ನಕ್ಕ. "ಯಾವ ಹಣ್ಣು ತಿನ್ನಲಿ ಪಂಡಿತರೆ? ಎಲ್ಲವನ್ನೂ ಬಿಟ್ಟಿದ್ದೇನೆ."

"ವ್ರತ ಮುರಿ."

"ಊರೆಲ್ಲ ನನ್ನನ್ನು ಹನ್ನೆರಡು ಹಣ್ಣಿನ ಶೆಟ್ಟರು ಎನ್ನುತ್ತದೆ. ಹೆಸರು ಕಳೆದುಕೊಂಡು ಬದುಕಲೇ?"

"ಹಾಗಾದರೆ ಹೆಸರು ಇಟ್ಟುಕೊಂಡು ಸಾಯಿ. ತಿಥಿಯ ದಿನ ಎಡೆಗೆ ಹಣ್ಣು ಇಡಬೇಡಿ ಎಂದು ನಾನೇ ಹೇಳಿಹೋಗುತ್ತೇನೆ" ಎಂದು ವೈದ್ಯ ಚೀಲ ಕಟ್ಟಿಕೊಂಡು ಹೊರಟುಹೋದ.

ಮೂರು ದಿನ ವರ್ತಕ ಬರೀ ನೀರು ಕುಡಿದು ಜಗಲಿಯ ಮೇಲೆ ಕುಳಿತ. ಹಣ್ಣು ತಿಂದರೆ ಹೆಸರು ಹೋಗುತ್ತದೆ. ತಿನ್ನದಿದ್ದರೆ ಜೀವ ಹೋಗುತ್ತದೆ. ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ತಿಂದರೆ ಅದರಿಂದಲೂ ಜೀವ ಹೋಗುತ್ತದೆ. ಮೂರನೆಯ ದಿನ ಬೀದಿಯಲ್ಲಿ ಒಬ್ಬಳು ಮುದುಕಿ ಬುಟ್ಟಿ ಹೊತ್ತು ಹೋಗುತ್ತಿದ್ದಳು. ಬುಟ್ಟಿಯಲ್ಲಿ ಮುತ್ತುಗದೆಲೆಯ ದೊನ್ನೆಗಳು. ದೊನ್ನೆಯಲ್ಲಿ ಕಪ್ಪಗೆ, ಗುಂಡಗೆ ಏನೋ ಇತ್ತು.

"ಏನದು?" ಎಂದು ಕೇಳಿದ.

"ಹಣ್ಣು ಸಾವ್ಕಾರ್ರೆ."

"ಯಾವ ಹಣ್ಣು? ನಾನು ಬಿಟ್ಟಿರುವುದರಲ್ಲಿ ಇದೆಯೋ ನೋಡಬೇಕು."

ಮುದುಕಿ ಬುಟ್ಟಿ ಇಳಿಸಿದಳು. "ಬಿಡಬೇಕಾದ್ರೆ ನಿಮಗೆ ಇದು ಗೊತ್ತಿರಬೇಕಲ್ವಾ? ಗುಡ್ಡದ ಹಣ್ಣು. ನಿಮ್ಮಂಥೋರ ಮನೆಗೆ ಯಾವತ್ತೂ ಬಂದಿಲ್ಲ. ತಿನ್ರಿ."

ಅದು ಕವಳೆ ಹಣ್ಣು. ಮುಳ್ಳು ಪೊದೆಯಲ್ಲಿ ಬಿಡುತ್ತದೆ. ವರ್ತಕ ಒಂದು ದೊನ್ನೆ ತಿಂದ. ಹುಳಿ, ಸಿಹಿ, ಕೊನೆಗೆ ಸ್ವಲ್ಪ ಒಗರು. ತಿಂದದ್ದು ಹೊಟ್ಟೆಯಲ್ಲಿ ನಿಂತಿತು. ಎರಡು ತಿಂಗಳಲ್ಲಿ ಹಾಗೆ ನಿಂತದ್ದು ಅದೇ ಮೊದಲು.

ನಾಲ್ಕು ದಿನ ಮುದುಕಿ ಮನೆಗೆ ತಂದುಕೊಟ್ಟಳು. ಐದನೆಯ ದಿನ ಬರಿಗೈಯಲ್ಲಿ ಬಂದು, "ಇದು ಸಂಜೆಗೆ ಕೆಡ್ತದೆ. ದಿನಾ ಹೊರೋಕೆ ನನ್ನ ಕುತ್ತಿಗೆ ಏನು ನಿಮ್ಮ ಎತ್ತಿನದಾ? ಗಿಡ ಊರಿಗೆ ಬರಲ್ಲ, ನೀವೇ ಬನ್ನಿ" ಎಂದಳು.

ವರ್ತಕ ಕೋಲು ಹಿಡಿದು ಹೊರಟ. ಮೊದಲ ದಿನ ಬಾವಿಯ ತನಕ ಹೋಗಿ ಕುಸಿದ. ಗುಡ್ಡ ಮುಟ್ಟುವ ತನಕ ಅವನು ಕುಸಿದಲ್ಲಿಗೆ ಮುದುಕಿ ದೊನ್ನೆ ತಂದಿಟ್ಟಳು, ಮನೆಗೆ ಮಾತ್ರ ತರಲಿಲ್ಲ. ಹತ್ತನೆಯ ದಿನ ಗುಡ್ಡದ ಬುಡ ಮುಟ್ಟಿದ. ಇಪ್ಪತ್ತನೆಯ ದಿನ ಕೋಲನ್ನು ಎಲ್ಲಿ ಬಿಟ್ಟೆನೆಂದು ಮರೆತ. ಕವಳೆ ಮುಗಿದ ಕಡೆ ಈಚಲ ಹಣ್ಣು ಸಿಕ್ಕಿತು. ಈಚಲು ಎಂದರೆ ಪೊರಕೆಯ ಗಿಡ ಎಂದಷ್ಟೇ ಅವನಿಗೆ ತಿಳಿದಿತ್ತು. ನಾನು ಮೊದಲೆಲ್ಲ ಈ ಕತೆಯಲ್ಲಿ ನಲವತ್ತೆಂಟು ದಿನವೂ ಬರೀ ಕವಳೆಯನ್ನೇ ತಿನ್ನಿಸುತ್ತಿದ್ದೆ. ಕೇಳಿದವರು ಬೈದರು. ಈಚಲನ್ನು ಸೇರಿಸಿದ್ದು ಆಮೇಲೆ.

ಒಂದು ದಿನ ಆತುರಕ್ಕೆ ಬಿದ್ದು ಅವನು ಇನ್ನೂ ಮಾಗದ, ಕೆಂಪಗಿನ ಕವಳೆ ಕಾಯೊಂದನ್ನು ಕಿತ್ತ. ತೊಟ್ಟಿನಿಂದ ಬಿಳಿ ಹಾಲು ಸುರಿದು ಬೆರಳಿಗೆ ಅಂಟಿತು. ಮುದುಕಿ ಗದರಿದಳು.

"ಬ್ಯಾಡ ಅಂತಿದೆ, ಕಾಣಲ್ವಾ? ಕಾಯಿ ಕಿತ್ರೆ ಗಿಡ ಅಳ್ತದೆ. ಹಣ್ಣು ಮುಟ್ಟಿದ್ರೆ ತಾನೇ ಅಂಗೈಗೆ ಬೀಳ್ತದೆ. ತಿಂದು ಬೀಜ ಆ ಕಡೆ ಉಗೀರಿ. ಅದಕ್ಕೂ ಅಷ್ಟೇ ಬೇಕು, ನಿಮಗೂ ಅಷ್ಟೇ ಬೇಕು."

ವರ್ತಕ ಬೆರಳಿನ ಹಾಲನ್ನು ಒರೆಸಿಕೊಂಡ. ಅದು ಬೇಗ ಹೋಗಲಿಲ್ಲ.

ನಲವತ್ತೆಂಟು ದಿನ ಮುಗಿಯಿತು. ಊತ ಇಳಿದಿತ್ತು, ಉಸಿರು ಸಲೀಸಾಗಿತ್ತು. ವೈದ್ಯ ಬಂದು ನೋಡಿ, "ಇನ್ನು ತಿಳಿಗಂಜಿ ಕುಡಿಯಬಹುದು" ಎಂದ. ಮನೆಯವರು ಅಷ್ಟಕ್ಕೆ ನಿಲ್ಲಿಸಲಿಲ್ಲ. ಮೂರೂ ಒಲೆ ಹೊತ್ತಿಸಿದರು. ಎಲೆಯ ತುಂಬ ಅನ್ನ, ಹೋಳಿಗೆ, ಬಜ್ಜಿ, ಪಾಯಸ, ಒಂದು ಗಿಂಡಿ ತುಪ್ಪ. ವರ್ತಕ ಎಲೆಯ ಮುಂದೆ ಕುಳಿತ. ಕೊಟ್ಟಿಗೆಯಲ್ಲಿ ಎಮ್ಮೆಯ ಕರು ಅರಚುತ್ತಿತ್ತು. ಅದು ದಿನವೂ ಅರಚುತ್ತಿತ್ತು. ಹುಲ್ಲು ಸಾಲದೆ ಅರಚುತ್ತದೆ ಎಂದು ಇಷ್ಟು ದಿನ ಅಂದುಕೊಂಡಿದ್ದ. ತುಪ್ಪವನ್ನು ನೋಡಿದ. ಆ ಕರುವಿಗೆ ಸಿಗದೆ ಹೋದ ಹಾಲು. ಅನ್ನವನ್ನು ನೋಡಿದ. ಒಂದೊಂದು ಅಗುಳೂ ಮೊಳೆಯಬೇಕೆಂದು ಇದ್ದ ಕಾಳು. ಇವುಗಳಲ್ಲಿ ತಗೋ ಎಂದು ತಾನಾಗಿ ಕೈಗೆ ಬಂದದ್ದು ಯಾವುದು ಎಂದು ಹುಡುಕಿದ. ಹುಡುಕಿ ಎಲೆ ಮಡಿಚಿದ.

"ಹೊಟ್ಟೆ ತುಂಬಿದೆ" ಎಂದ.

ಹೆಂಡತಿ ಸೌಟು ಕೆಳಗಿಟ್ಟಳು. "ಮೂವತ್ತು ವರ್ಷ ಮೂರು ಒಲೆಯ ಮುಂದೆ ನಾನು ಬೆಂದದ್ದು ಯಾರಿಗಾಗಿ ಹಾಗಾದರೆ?"

ವರ್ತಕ ಎಲೆಯ ಮುಂದಿನಿಂದ ಎದ್ದ. "ನಾಳೆ ನೀನೂ ಗುಡ್ಡಕ್ಕೆ ಬಾ" ಎಂದ.

ಅವಳು ಎರಡು ಮಾತು ಬೈದಳು. ಆಮೇಲೆ ಹೋಗಿ ಒಂದು ಒಲೆಗೆ ನೀರು ಸುರಿದಳು. ಉಳಿದ ಎರಡನ್ನು ಮಾರನೆಯ ವಾರ ಆರಿಸಿದಳು. ಕರುವನ್ನು ಬಿಚ್ಚಿದವಳೂ ಅವಳೇ.

ಆ ವರ್ಷವೂ ವರ್ತಕ ಕಾಶಿಗೆ ಹೋದ. ಅದೇ ಘಾಟು, ಅದೇ ಪುರೋಹಿತ.

"ಈ ವರ್ಷ ಯಾವ ಹಣ್ಣು ಶೆಟ್ಟರೆ?"

"ಈ ವರ್ಷ ಬಿಡಲು ಬಂದಿಲ್ಲ. ಹನ್ನೆರಡನ್ನೂ ವಾಪಸು ಕೊಡಿ."

ಪುರೋಹಿತ ಬೆಚ್ಚಿದ. "ಗಂಗೆಗೆ ಬಿಟ್ಟದ್ದು ಹಿಂದಕ್ಕೆ ಬರುವುದಿಲ್ಲವಯ್ಯ. ಆ ಪದ್ಧತಿಯೇ ಇಲ್ಲ."

"ಸುಮ್ಮನೆ ಕೇಳುವುದಿಲ್ಲ, ಬದಲಿಗೆ ಕೊಡುತ್ತೇನೆ. ಅನ್ನ, ರೊಟ್ಟಿ, ಹಾಲು, ಮೊಸರು, ತುಪ್ಪ, ಕರಿದದ್ದು, ಹುರಿದದ್ದು, ಒಲೆ ಕಂಡದ್ದು ಎಲ್ಲ."

"ಇವೆಲ್ಲ ನಿನಗೆ ಪ್ರಿಯವೇ?"

"ಪ್ರಾಣಕ್ಕಿಂತ ಪ್ರಿಯವಾಗಿದ್ದವು. ಅದಕ್ಕೇ ಪ್ರಾಣ ಹೊರಟುನಿಂತಿತ್ತು."

ಪುರೋಹಿತ ಕೈಯಲ್ಲಿದ್ದ ದರ್ಭೆಯನ್ನು ಕೆಳಗಿಟ್ಟ. "ಪ್ರಿಯವಾದದ್ದನ್ನು ಬಿಡು ಎಂದು ನಲವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ನಿಜವಾಗಿ ಬಿಡಲು ಬಂದವನಿಗೆ ಏನು ಮಂತ್ರ ಹೇಳಬೇಕೋ ನನಗೆ ತಿಳಿಯದು. ನೀನೇ ಮುಳುಗು" ಎಂದ.

ವರ್ತಕ ಮುಳುಗಿ ಎದ್ದ. ಮೆಟ್ಟಿಲ ಮೇಲೆ ಒಬ್ಬಳು ಮಾವಿನ ಹಣ್ಣು ಮಾರುತ್ತಿದ್ದಳು. ಒಂದನ್ನು ಕೊಂಡು, ಒದ್ದೆ ಬಟ್ಟೆಯಲ್ಲೇ ಕುಳಿತು ಸಿಪ್ಪೆಸಮೇತ ಕಚ್ಚಿದ. ರಸ ಮೊಣಕೈಗೆ ಇಳಿಯಿತು. ಪಕ್ಕದಲ್ಲಿ ಇನ್ನೊಬ್ಬ ಯಾತ್ರಿಕ ಆಗ ತಾನೇ ಮಾವು ಬಿಟ್ಟು ನೀರಿನಿಂದ ಎದ್ದಿದ್ದ. ಅವನು ಮುಖ ಆಚೆ ತಿರುಗಿಸಿಕೊಂಡ.

ಊರಿಗೆ ಬಂದಾಗ ಯಾರೂ ಕಾಲಿಗೆ ಬೀಳಲಿಲ್ಲ. ಹನ್ನೆರಡು ಹಣ್ಣಿನ ಶೆಟ್ಟರು ಎಂದು ಯಾರೂ ಕರೆಯಲಿಲ್ಲ. ವರ್ತಕ ಹಿತ್ತಿಲಿನಲ್ಲಿ ಹನ್ನೆರಡು ಗುಂಡಿ ತೋಡಿ ಗಿಡ ನೆಟ್ಟ. ಮುದುಕಿಯನ್ನು ಕೇಳಿ ಬೇಲಿಗೆ ಕವಳೆ ಹಾಕಿದ. ನೂರಹತ್ತು ವರ್ಷ ಬದುಕಿದ. ಇದೊಂದು ಸುಳ್ಳು. ಎಷ್ಟು ವರ್ಷ ಬದುಕಿದನೋ ನನಗೆ ಗೊತ್ತಿಲ್ಲ. ಬದುಕಿದಷ್ಟು ದಿನ ಹಗುರವಾಗಿ ಬದುಕಿದ, ಯಾವ ಕೊಟ್ಟಿಗೆಯ ಕೂಗಿಗೂ ಕಿವಿ ಮುಚ್ಚಿಕೊಳ್ಳಬೇಕಾಗಲಿಲ್ಲ.

ಕತೆ ಮುಗಿಯಿತು. ಅಯ್ಯನವರು ಇನ್ನೊಂದು ಸೀಬೆಹಣ್ಣನ್ನು ಕೈಗೆ ತೆಗೆದುಕೊಂಡರು.

ಪಂಪಣ್ಣ ಬೆರಳು ಮಡಿಚುತ್ತ ಕುಳಿತಿದ್ದ. ಅನ್ನ ಒಂದು, ರೊಟ್ಟಿ ಎರಡು, ಹಾಲು ಮೂರು, ತುಪ್ಪ ನಾಲ್ಕು. ಬೋಂಡದ ಹತ್ತಿರ ಬಂದಾಗ ಬೆರಳು ಮಡಿಚಲು ಒಪ್ಪಲಿಲ್ಲ. ಮನೆಯಲ್ಲಿ ಪ್ರಯಾಣದ ಬುತ್ತಿಗೆ ಎಣ್ಣೆ ಕಾಯುತ್ತಿರುತ್ತದೆ ಎಂಬುದು ನೆನಪಾಯಿತು. ಅವನಿಗೆ ಸ್ವಲ್ಪ ಸಿಟ್ಟೂ ಬಂತು.

"ಅಯ್ಯನವರೆ, ಇಷ್ಟನ್ನೆಲ್ಲ ಬಿಟ್ಟುಬಿಟ್ಟರೆ ಮನುಷ್ಯನಿಗೆ ತಿನ್ನಲು ಉಳಿಯುವುದಾದರೂ ಏನು?"

ಅಯ್ಯನವರು ಹಣ್ಣನ್ನು ಎರಡು ಹೋಳು ಮಾಡಿ, ದೊಡ್ಡ ಹೋಳನ್ನು ಅವನ ಅಂಗೈಯಲ್ಲಿಟ್ಟರು.

"ಈ ಪ್ರಶ್ನೆಯನ್ನು ನೀನು ಹಣ್ಣು ಬಿಡಲು ಹೊರಟಾಗ ಕೇಳಲಿಲ್ಲವಲ್ಲ, ಪಂಪಣ್ಣ."