ನಲವತ್ತು ಸೆರಗುಗಳ ಪೆಟ್ಟಿಗೆ

"ಹಿರಿಯರು ಅಳಿಸು ಎಂದಾಗ ಒಲ್ಲೆ ಎನ್ನಬಹುದೇ, ಗುರುಗಳೇ?" ಎಂದು ಮಹಾಂತಯ್ಯ ಕೇಳಿದ.

ಮಠದ ಶಿಷ್ಯರ ಪಟ್ಟಿ ಬರೆದಿಡುವುದು ಅವನ ಕೆಲಸ. ಅವನ ಜೊತೆಗೇ ದೀಕ್ಷೆ ಪಡೆದ ಗೆಳೆಯನೊಬ್ಬ, ಅಣೆಕಟ್ಟಿನ ಹಿನ್ನೀರು ಬಂದು ಊರು ಗುಡ್ಡದ ಮೇಲಕ್ಕೆ ಎದ್ದುಹೋದ ಮೇಲೆ, ಮಠದ ಕಡೆ ಮುಖ ಹಾಕಿರಲಿಲ್ಲ. ಮಹಾಂತಯ್ಯ ಮೂರು ಕಾಗದ ಬರೆದಿದ್ದ. ಒಂದಕ್ಕೂ ಉತ್ತರವಿಲ್ಲ. ಅವನು ನಮ್ಮವನಲ್ಲ, ಹೆಸರು ಹೊಡೆದುಹಾಕು ಎಂದು ಮಠದ ಹಿರಿಯರು ಹೇಳಿದ್ದರು. ಹೊಡೆದುಹಾಕಲು ಕೈ ಬರುತ್ತಿಲ್ಲ, ಎದುರಾಡಲು ಬಾಯಿ ಬರುತ್ತಿಲ್ಲ ಎಂದು ಅವನು ತೋಡಿಕೊಂಡ.

ಗುರುಗಳು ಈ ಕತೆ ಹೇಳಿದರು.

ಒಂದು ನೇಕಾರರ ಸಂಘ. ಸೀರೆಯ ನಕ್ಷೆಗಳನ್ನು ಅಲ್ಲಿ ಕಂಪ್ಯೂಟರಿನಲ್ಲಿ ಬರೆಯುತ್ತಿದ್ದರು. ಬರೆಯುವವರು ಹತ್ತು ಜನ, ಕಂಪ್ಯೂಟರುಗಳೂ ಹತ್ತು. ಆದರೆ ನಕ್ಷೆಗಳು ಅವುಗಳಲ್ಲಿ ಇರುತ್ತಿರಲಿಲ್ಲ. ಒಳಕೋಣೆಯಲ್ಲಿದ್ದ ಸರ್ವರ್ ಎಂಬ ಒಂದೇ ಪೆಟ್ಟಿಗೆಯಲ್ಲಿ ಎಲ್ಲರದೂ ಕೂಡಿ ಇರುತ್ತಿದ್ದವು. ಹತ್ತೂ ಕಂಪ್ಯೂಟರುಗಳು ತಂತಿಯ ಮೂಲಕ ಅಲ್ಲಿಂದಲೇ ತೆರೆದು ನೋಡಬೇಕು. ಆ ಪೆಟ್ಟಿಗೆಯನ್ನು ನೋಡಿಕೊಳ್ಳುವವಳು ಒಬ್ಬ ನೇಕಾರನ ಮಗಳು.

ಆ ವರ್ಷ ಒಬ್ಬ ಮುದುಕ, ಈಗ ಯಾರೂ ನೇಯದ ನಲವತ್ತು ಸೆರಗುಗಳನ್ನು ನೆನಪಿನಿಂದ ಹೇಳಿ ಅವಳ ಕೈಯಲ್ಲಿ ಬರೆಸಿದ್ದ. ಬರೆಸಿ ಮುಗಿಸಿದ ಹದಿನೈದು ದಿನಕ್ಕೆ ಕಣ್ಣು ಮುಚ್ಚಿದ. ಆ ಸೆರಗುಗಳು ಬೇರೆಲ್ಲೂ ಇರಲಿಲ್ಲ.

ಒಂದು ದಿನ ಕರೆಂಟು ಹೆಚ್ಚುಕಡಿಮೆಯಾಗಿ ಸರ್ವರ್ ಸುಟ್ಟು ನಿಂತಿತು. ಹತ್ತು ಕಂಪ್ಯೂಟರುಗಳು ಮಾತ್ರ ಇನ್ವರ್ಟರ್ ಮೇಲೆ ನಡೆದೇ ಇದ್ದವು. ಮೂರನೆಯ ದಿನ ರಿಪೇರಿಯವನು ಬಂದು, ನಕ್ಷೆಗಳಿದ್ದ ಡಿಸ್ಕುಗಳಿಗೆ ಏನೂ ಆಗಿಲ್ಲವೆಂದು ಹೇಳಿ, ಅವನ್ನು ಹೊಸ ಪೆಟ್ಟಿಗೆಯಲ್ಲಿ ಕೂರಿಸಿ ಹೋದ. ಹಸಿರು ದೀಪ ಹತ್ತಿತು. ಆದರೂ ಹತ್ತಕ್ಕೆ ಹತ್ತೂ ಕಂಪ್ಯೂಟರುಗಳು ಕಡತ ಸಿಗುತ್ತಿಲ್ಲ ಎಂದವು.

ಅವಳು ಒಳಕೋಣೆಗೆ ಹೋಗಿ ಪೆಟ್ಟಿಗೆಯಲ್ಲೇ ಹುಡುಕಿದಳು. ನಲವತ್ತು ಸೆರಗುಗಳ ಹೆಸರೂ ಅಲ್ಲಿದ್ದವು, ಆದರೆ ನಕ್ಷೆ ತೆರೆದು ತೋರಿಸಲು ಆ ಪೆಟ್ಟಿಗೆಗೆ ಬರುತ್ತಿರಲಿಲ್ಲ. ಹೋಗಿ ಸಂಘದ ಅಧ್ಯಕ್ಷನಿಗೆ ಹೇಳಿದಳು.

"ಹತ್ತು ಮಂದಿ ಇಲ್ಲ ಅಂತಾರ, ನೀನೊಬ್ಬಾಕಿ ಅದಾವು ಅಂತಿ. ಬರೀ ಹೆಸರು ಉಟ್ಕೊಳ್ಳಾಕ ಬರತೈತೇನು?" ಎಂದ ಅಧ್ಯಕ್ಷ. ಎಲ್ಲ ಅಳಿಸಿ, ಹೋದ ವರ್ಷದ ನಕಲನ್ನು ತುಂಬಿಸು ಎಂದು ಆಜ್ಞೆ ಮಾಡಿದ. ಹೋದ ವರ್ಷದ ನಕಲಿನಲ್ಲಿ ಮುದುಕನ ಸೆರಗುಗಳಿರಲಿಲ್ಲ. ಅಧ್ಯಕ್ಷ ಕೆಟ್ಟವನೇನಲ್ಲ. ಮಗ್ಗಗಳು ನಿಂತಿದ್ದವು, ಅವನಿಗೆ ಅವಸರವಿತ್ತು. ಅವಸರದವರಿಗೆ ಹುಡುಕುವುದಕ್ಕಿಂತ ಅಳಿಸುವುದು ಸುಲಭವಾಗಿ ಕಾಣುತ್ತದೆ.

"ಅಳಸೂದು ನನ್ನಿಂದ ಆಗೂದಿಲ್ಲರಿ," ಎಂದಳು ಅವಳು. "ಮೊದಲ ನನ್ನ ಕೆಲಸದಿಂದ ತಗೀರಿ, ಆಮ್ಯಾಲೆ ಬ್ಯಾರೆಯವರ ಕೈಲೆ ಅಳಸ್ರಿ."

ಹಾಗೆಂದವಳೇ ಒಳಕೋಣೆಗೆ ಬೀಗ ಹಾಕಿ, ಕೀಲಿಕೈಯನ್ನು ಸೆರಗಿಗೆ ಗಂಟು ಕಟ್ಟಿಕೊಂಡು, ಬಾಗಿಲಿಗೆ ಅಡ್ಡ ಕೂತಳು. ಕೆಲಸ ಹೋಗುವ ಭಯ ಅವಳಿಗಿತ್ತು. ಅದಕ್ಕಿಂತ ದೊಡ್ಡದು, ತಪ್ಪು ತನ್ನದೇ ಆಗಿದ್ದರೆ ಎಂಬ ಭಯ. ಆದರೂ ಏಳಲಿಲ್ಲ.

ಕೂತಲ್ಲಿಂದ ಹತ್ತು ಕಂಪ್ಯೂಟರುಗಳೂ ಕಾಣುತ್ತಿದ್ದವು. ನೋಡುತ್ತ ನೋಡುತ್ತ ಅವಳಿಗೆ ಒಂದು ಮಾತು ಹೊಳೆಯಿತು. ಮೂರು ದಿನದಿಂದ ಯಾರೂ ಒಂದನ್ನೂ ಆರಿಸಿರಲಿಲ್ಲ. ಅರ್ಧ ನೇಯ್ದ ಸೀರೆಯನ್ನು ಆ ನೇಕಾರರು ಮಗ್ಗದಿಂದ ಇಳಿಸುವುದಿಲ್ಲ, ಮನೆಯಲ್ಲಿ ಸೂತಕವಾದರೂ ಇಳಿಸುವುದಿಲ್ಲ. ಅದೇ ನೇಮವನ್ನು ಕಂಪ್ಯೂಟರಿಗೂ ತಂದಿದ್ದರು. ತೆರೆದ ನಕ್ಷೆ ಮುಗಿಯುವ ತನಕ ಮುಚ್ಚುವಂತಿಲ್ಲ. ಪೆಟ್ಟಿಗೆ ಬದಲಾಗಿತ್ತು. ಈ ಕಂಪ್ಯೂಟರುಗಳು ಮಾತ್ರ ಸುಟ್ಟ ಪೆಟ್ಟಿಗೆಯ ದಾರಿಯನ್ನೇ ಹಿಡಿದು, ಅಲ್ಲಿಗೇ ಹೋಗಿ ಕೇಳುತ್ತಿದ್ದವು.

ಅವಳು ಎದ್ದು ಹತ್ತು ಜನರಲ್ಲಿ ಹಿರಿಯನಾದವನ ಬಳಿ ಹೋಗಿ, ಕಂಪ್ಯೂಟರ್ ಆರಿಸಲು ಕೇಳಿದಳು. ಅರ್ಧಕ್ಕೆ ಇಳಿಸುವುದು ನಮ್ಮಲ್ಲಿಲ್ಲ, ನಿನ್ನಪ್ಪ ಇಷ್ಟೂ ಕಲಿಸಲಿಲ್ಲವೇ ಎಂದು ಅವನು ರೇಗಿದ.

"ಕಾಕಾ, ನೀವು ಹಿಡಕೊಂಡು ಕೂತಿದ್ದು ಸೀರಿ ಅಲ್ಲ, ಹರಿದ ಎಳಿ," ಎಂದಳು ಅವಳು. "ಎಷ್ಟು ಜಗ್ಗಿದ್ರೂ ಅದರ ಹಿಂದ ಏನೂ ಬರಂಗಿಲ್ಲ. ಬಿಡ್ರಿ, ಹೊಸದಾಗಿ ಕಟ್ಟೂಣು."

ಅವನು ಬಿಡಲಿಲ್ಲ. ಅವಳೇ ಕೈ ಚಾಚಿ ಆರಿಸಿದಳು. ಅವನ ಅರ್ಧ ದಿನದ ಗೆರೆಗಳು ಹೋದವು. ಅವಳು ಕಂಪ್ಯೂಟರನ್ನು ಮತ್ತೆ ಹಚ್ಚಿ, ಹಳೆಯ ದಾರಿಯನ್ನು ತೆಗೆದುಹಾಕಿ, ಹೊಸ ಪೆಟ್ಟಿಗೆಗೆ ಜೋಡಿಸಿದಳು. ಮುದುಕನ ಸೆರಗುಗಳು ಒಂದೊಂದಾಗಿ ತೆರೆದುಕೊಂಡವು. ನಲವತ್ತೂ ಇದ್ದವು. ಎಲ್ಲರೆದುರು ಅವಳು ಅತ್ತುಬಿಟ್ಟಳು.

ನನಗೆ ಮೊದಲೇ ಗೊತ್ತಿತ್ತು ಎಂದ ಅಧ್ಯಕ್ಷ. ಹಿರಿಯ ಮಾತ್ರ ಒಂದು ತಿಂಗಳು ಅವಳ ಜೊತೆ ಮಾತು ಬಿಟ್ಟ. ಅವಳು ಅದಕ್ಕೆ ತಲೆ ಕೆಡಿಸಿಕೊಳ್ಳದೆ, ನಲವತ್ತಕ್ಕೂ ಇನ್ನೊಂದು ನಕಲು ಮಾಡಿ ಬೇರೆ ಕಡೆ ಇಟ್ಟಳು.

ಕತೆ ಮುಗಿಯುವುದೇ ತಡ, ಮಹಾಂತಯ್ಯ ಎದ್ದುನಿಂತ. ತಾನೂ ಈಗಲೇ ಹೋಗಿ ಒಲ್ಲೆ ಎನ್ನುವುದಾಗಿ ಹೇಳಿದ. ಹಿರಿಯರನ್ನು ಎದುರಿಸುವ ಹುರುಪು ಅವನ ಮುಖದ ಮೇಲಿತ್ತು. ಗುರುಗಳು ಬೇಡವೆನ್ನಲಿಲ್ಲ. ಅವನು ಬಾಗಿಲ ತನಕ ಹೋಗಲು ಬಿಟ್ಟು, ಆಮೇಲೆ ಕೇಳಿದರು.

"ನಿನ್ನ ಆ ಮೂರು ಕಾಗದ, ಮಹಾಂತಯ್ಯ, ಗುಡ್ಡದ ಮೇಲಿನ ಊರಿಗೆ ಬರೆದೆಯೋ, ನೀರೊಳಗಿನ ಊರಿಗೆ ಬರೆದೆಯೋ?"

ಮಹಾಂತಯ್ಯ ಬಾಗಿಲಿಂದ ಹಿಂದಿರುಗಿ ಬಂದು, ಗುಡ್ಡದ ಮೇಲಿನ ಊರಿಗೆ ನಾಲ್ಕನೆಯ ಕಾಗದ ಬರೆಯಲು ಕೂತ.