ಕೋಟೆಗಿಂತ ಎತ್ತರದ ಎಮ್ಮೆ

"ಕಣ್ಣು ಮುಚ್ಚಿಕೊಂಡು ಸವರಿದರೂ ನನ್ನ ಕೋಟೆ ಕೈಗೆ ಸಿಗಬೇಕು! ಬೀಗರು ಮುಟ್ಟಿದ ಕೂಡಲೇ 'ಅಬ್ಬಾ' ಅನ್ನಬೇಕು!" ಎಂದು ಬಿಳಿಗಲ್ಲು ಸೀಮೆಯ ದೊರೆ ಚೆನ್ನವೀರನಾಯಕ ತುಂಬಿದ ಚಾವಡಿಯಲ್ಲಿ ಮೀಸೆ ತಿರುವಿದ.

ಮಗಳ ಮದುವೆ ಹತ್ತಿರ ಬಂದಿತ್ತು. ಬೀಗರು ಕೂರುವ ಚಾವಡಿಯ ಗೋಡೆಗೆಂದು ತನ್ನ ಸೀಮೆಯನ್ನೆಲ್ಲ ಒಂದು ಶಿವನೆ ಮರದ ಹಲಗೆಯ ಮೇಲೆ ಉಬ್ಬುಕೆತ್ತನೆ ಮಾಡಿಕೊಡುವಂತೆ ಗುಡಿಗಾರ ಜಡೆಯಪ್ಪನಿಗೆ ದೊರೆ ಹೇಳಿದ್ದ. ಪಾಪ, ಜಡೆಯಪ್ಪ ಮಳೆಗಾಲವೆಲ್ಲ ಕೂತು ಕೆತ್ತಿದ್ದ. ಆ ದಿನ ಹಲಗೆ ಅರಮನೆಗೆ ಬಂದಿತ್ತು.

ಚೆಂದವೆಂದರೆ ಚೆಂದ. ಹಿಂದೆ ಸಾಲು ಗುಡ್ಡ, ಗುಡ್ಡದ ನೆತ್ತಿಯಲ್ಲಿ ಕೋಟೆ, ಕೆಳಗೆ ಕೆರೆ, ಏರಿಯ ಮೇಲೆ ಹುಣಸೆಮರ, ಈಚೆಗೆ ಭತ್ತದ ಗದ್ದೆ, ಎಲ್ಲಕ್ಕಿಂತ ಮುಂದೆ ಬದುವಿನ ಹುಲ್ಲು ಮೇಯುವ ಒಂದು ಎಮ್ಮೆ. ದೊರೆ ಕಣ್ಣು ಮುಚ್ಚಿ ಕೈ ಆಡಿಸಿದ. ದುಂಡನೆಯದೊಂದು ಉಬ್ಬು ಅಂಗೈಗೆ ಸಿಕ್ಕಿತು.

"ಆಹಾ! ಇದು ನನ್ನ ಕೋಟೆಯ ಬುರುಜು ತಾನೇ?"

"ಅಲ್ಲ ಬುದ್ಧೀ," ಅಂದ ಜಡೆಯಪ್ಪ, "ಎಮ್ಮೆ ಹೊಟ್ಟೆ."

ಚಾವಡಿಯಲ್ಲಿ ಯಾರೋ ಕೆಮ್ಮಿದರು. ನಗು ಬಂದವರಿಗೆ ಅರಮನೆಯಲ್ಲಿ ಕೆಮ್ಮೇ ಗತಿ.

"ಹಾಗಾದರೆ ಕೋಟೆ ಎಲ್ಲೋ?"

ಜಡೆಯಪ್ಪ ದೊರೆಯ ಬೆರಳು ಹಿಡಿದು ಮೇಲಕ್ಕೆ ಒಯ್ದು ಮುಟ್ಟಿಸಿದ. ವೀಳ್ಯದೆಲೆಯಷ್ಟೇ ತೆಳ್ಳಗೆ ಕೋಟೆ ಅಲ್ಲಿತ್ತು.

"ಎಮ್ಮೆಗಿಂತ ನನ್ನ ಕೋಟೆ ತಗ್ಗೇನೋ?"

"ಎಮ್ಮೆ ಹತ್ರ ಐತಿ, ಕೋಟೆ ದೂರ ಐತಿ ಬುದ್ಧೀ. ಹತ್ರದ್ದು ಉಬ್ಬಿ ಬರ್ಬೇಕು, ದೂರದ್ದು ಹಲಗೇಲೇ ಅಡಗ್ಬೇಕು. ಹಂಗ್ ಕೆತ್ತಿದ್ರೇನೇ ಗುಡ್ಡ ಗುಡ್ಡದಂಗೆ ಕಾಣೋದು."

"ನನ್ನ ಕೋಟೆ ಯಾರಿಗೋ ದೂರ? ನಾಳೆ ಸಂಜೆಯೊಳಗೆ ಅದನ್ನ ಎಲ್ಲಕ್ಕಿಂತ ಮೇಲೆ ಎಬ್ಬಿಸು!"

"ಮಣ್ಣಾಗಿದ್ರೆ ಮೆತ್ತಿ ಎಬ್ಬಿಸ್ತಿದ್ದೆ. ಮರ ಅಲ್ವಾ ಬುದ್ಧೀ, ತೆಗ್ದಿದ್ದು ತೆಗ್ದಂಗೇ."

"ಎಬ್ಬಿಸದಿದ್ದರೆ ನಿನ್ನ ಉಳಿಗಳೆಲ್ಲ ಕಂದಕಕ್ಕೆ! ಇನ್ನು ಈ ಸೀಮೆಯಲ್ಲಿ ನೀನು ಉಳಿ ಹಿಡಿಯಕೂಡದು."

ಜಡೆಯಪ್ಪನ ಮುಖ ಬಿಳಚಿಕೊಂಡಿತು. ಅಪ್ಪ ಸಾಯುವಾಗ ಕೈಗಿತ್ತು ಹೋದ ಉಳಿಗಳು ಅವು. ಅವಿಲ್ಲದೆ ಬದುಕುವುದು ಹೇಗೆಂಬುದೇ ಅವನಿಗೆ ತಿಳಿಯಲಿಲ್ಲ.

ಆಗ ನರಸಪ್ಪಯ್ಯ ಎದ್ದು ನಿಂತ. ಆಸ್ಥಾನದಲ್ಲಿ ಅವನಿಗೆ ಇಂಥದೇ ಕೆಲಸ ಅಂತ ಇರಲಿಲ್ಲ. ದೊರೆಗೆ ಸಿಟ್ಟು ಬಂದಾಗ ಎದ್ದು ನಿಲ್ಲುವುದೇ ಅವನ ಕೆಲಸವಾಗಿಬಿಟ್ಟಿತ್ತು.

"ಪ್ರಭುಗಳ ಅಪ್ಪಣೆ ಸರಿಯಾಗೇ ಇದೆ," ಅಂದ. "ಕೋಟೆಯನ್ನು ಎಬ್ಬಿಸಲಾಗದಿದ್ದರೆ ಏನಂತೆ? ಉಳಿದದ್ದನ್ನೆಲ್ಲ ಅದಕ್ಕಿಂತ ತಗ್ಗಿಸಿದರಾಯಿತು. ಆದರೆ ಬೀಗರು ಬರುವ ಹೊತ್ತಿಗೆ ಹಲಗೆ ಕೆಟ್ಟರೆ ನಗೆಪಾಟಲು. ಅದಕ್ಕೇ ಮೊದಲು ಬೆಲ್ಲದಲ್ಲಿ ಮಾಡಿ ನೋಡೋಣ."

"ಬೆಲ್ಲದಲ್ಲೇ?" ದೊರೆಯ ಸಿಟ್ಟು ಅರ್ಧ ಇಳಿಯಿತು. ಸಿಹಿ ಅಂದರೆ ಅವನಿಗೆ ಪ್ರಾಣ.

ಅಡುಗೆಮನೆಯವರು ಹೊಸ ಬೆಲ್ಲ ಕಾಯಿಸಿ ಹಲಗೆಯಂತೆ ಎರಕ ಹೊಯ್ದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಜಡೆಯಪ್ಪ ಅದೇ ಗುಡ್ಡ, ಅದೇ ಕೆರೆ, ಅದೇ ಎಮ್ಮೆಯನ್ನು ಬೆಲ್ಲದಲ್ಲಿ ಕೆತ್ತಿ ಚಾವಡಿಗೆ ತಂದಿಟ್ಟ. ನರಸಪ್ಪಯ್ಯ ಬೆಳ್ಳಿ ತಟ್ಟೆ ಹಿಡಿದು ದೊರೆಯ ಪಕ್ಕದಲ್ಲಿ ಕೂತ.

"ಜಡೆಯಪ್ಪ, ಮೊದಲು ಆ ಎಮ್ಮೆಯನ್ನು ತೆಗಿ. ಪ್ರಭುಗಳಿಗೆ ಅಡ್ಡ ಬಂದದ್ದು ಅದೇ."

ಉಳಿ ಆಡಿತು. ಎಮ್ಮೆ ಪುಡಿಯಾಗಿ ತಟ್ಟೆಗೆ ಬಿತ್ತು. ದೊರೆ ಬಾಯಿಗೆ ಹಾಕಿಕೊಂಡು, "ಚೆನ್ನಾಗಿದೆ!" ಅಂದ.

"ಈಗ ಸವರಿ ನೋಡಿ ಪ್ರಭು."

"ಇದೇನೋ ಗೀರು ಗೀರಾಗಿ ಸಿಗುತ್ತಿದೆಯಲ್ಲ?"

"ಭತ್ತದ ಗದ್ದೆ. ಕೋಟೆಗಿಂತ ಅದೂ ಎತ್ತರ."

"ತೆಗಿ ಮತ್ತೆ!"

ಗದ್ದೆ ತಟ್ಟೆಗೆ ಬಂತು, ಹೊಟ್ಟೆಗೂ ಹೋಯಿತು. ಹಿಂದೆಯೇ ಹುಣಸೆಮರ ಹೋಯಿತು. ಕೆರೆಯ ಏರಿ ಹೋದಾಗ ಕೆರೆಯೂ ಹೋಯಿತು. "ಇನ್ನೊಂದು ಚೂರು ಹಾಕು," ಎಂದು ದೊರೆಯೇ ತಟ್ಟೆ ಮುಂದೆ ಸರಿಸಿದ. ಸಾಲು ಗುಡ್ಡಗಳನ್ನು ಅಗಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಈಗ ಕಣ್ಣು ಮುಚ್ಚಿ ಸವರಿ ಪ್ರಭು."

ಕೈ ನುಣ್ಣಗೆ ಜಾರುತ್ತಾ ಹೋಗಿ ಒಂದೇ ಒಂದು ಕಡೆ ತಡೆಯಿತು.

"ಸಿಕ್ಕಿತು! ನನ್ನ ಕೋಟೆ! ಎಲ್ಲಕ್ಕಿಂತ ಎತ್ತರ!" ದೊರೆ ಹಿಗ್ಗಿ ಕಣ್ಣು ಬಿಟ್ಟ.

ಬೋಳು ಬೆಲ್ಲದ ಹಲಗೆಯ ಮೇಲೆ ಬೆರಳಗಲದ ಕೋಟೆ ಒಂಟಿಯಾಗಿ ನಿಂತಿತ್ತು. ಯಾರದೋ ಮೈಮೇಲೆ ಎದ್ದ ನರುಲಿಯಂತೆ ಕಾಣುತ್ತಿತ್ತು.

ದೊರೆ ಹಲಗೆಯನ್ನು ಆ ಕಡೆಯಿಂದ ಈ ಕಡೆಗೆ ತಿರುಗಿಸಿ ನೋಡಿದ.

"ನರಸಪ್ಪಯ್ಯ, ನನ್ನ ಸೀಮೆ ಎಲ್ಲಯ್ಯ?"

"ತಾವೇ ತಿಂದಿರಿ ಪ್ರಭು. ಚೆನ್ನಾಗಿದೆ ಅಂತ ಇನ್ನೊಂದು ಚೂರು ಕೇಳಿಯೂ ಹಾಕಿಸಿಕೊಂಡಿರಿ."

ಯಾರೂ ಕೆಮ್ಮಲಿಲ್ಲ. ದೊರೆ ಮೀಸೆಗೆ ಅಂಟಿದ್ದ ಬೆಲ್ಲವನ್ನು ಒರೆಸಿಕೊಂಡ. ಗೋಡೆಗೆ ಒರಗಿಸಿದ್ದ ಮರದ ಹಲಗೆಯ ಮೇಲೆ ಎಮ್ಮೆ ಇನ್ನೂ ನಿಶ್ಚಿಂತೆಯಿಂದ ಮೇಯುತ್ತಿತ್ತು. ಅದನ್ನೇ ನೋಡುತ್ತ ನೋಡುತ್ತ ಅವನ ಹೊಟ್ಟೆ ಕುಲುಕತೊಡಗಿತು. ಕಡೆಗೆ ಚಾವಡಿ ನಡುಗುವಂತೆ ನಕ್ಕ. ಕೆಮ್ಮು ಹಿಡಿದುಕೊಂಡು ಕೂತಿದ್ದವರೆಲ್ಲ ಬದುಕಿದೆವೆಂದು ಒಟ್ಟಿಗೆ ನಕ್ಕರು.

"ಆ ಹಲಗೆ ಇದ್ದ ಹಾಗೇ ಗೋಡೆಗೇರಲಿ," ಅಂದ ದೊರೆ. "ಬೀಗರಿಗೆ ಮೊದಲು ಎಮ್ಮೆಯನ್ನೇ ಮುಟ್ಟಿಸುತ್ತೇನೆ. ಎಲೆಗೆ ಬೀಳುವ ಮೊಸರು ಅದರದೇ ತಾನೇ? ಜಡೆಯಪ್ಪ, ನಿನ್ನ ಉಳಿಗೆ ನಾನು ಅನ್ನಬಾರದ್ದು ಅಂದೆ. ಹೋಗುವಾಗ ಕೊಟ್ಟಿಗೆಯಿಂದ ನಿನಗೆ ಬೇಕಾದ ಎಮ್ಮೆ ಹೊಡೆದುಕೊಂಡು ಹೋಗು."

ಜಡೆಯಪ್ಪ ಉಳಿಗಳನ್ನು ಕಣ್ಣಿಗೊತ್ತಿಕೊಂಡು ಚೀಲಕ್ಕೆ ಸೇರಿಸಿದ.

ದೊರೆ ಎದ್ದು ಹೊರಟವನು ಬೆಲ್ಲದ ಹಲಗೆಯ ಮುಂದೆ ನಿಂತ.

"ಅಲ್ಲಯ್ಯ, ಈ ಕೋಟೆಯನ್ನು ಏನು ಮಾಡೋಣ?"

ನರಸಪ್ಪಯ್ಯ ತಟ್ಟೆಯನ್ನು ಮುಂದೆ ಹಿಡಿದ.

"ಅದನ್ನೂ ತಿಂದುಬಿಡಿ ಪ್ರಭು. ಪಾಪ, ಕಾಯುವುದಕ್ಕೆ ಅದಕ್ಕೆ ಇನ್ನೇನು ಉಳಿದಿದೆ?"